ಚಿನ್ನಿ ಸಂಕ

ಹೊಳೆಯುವ ನೆಲ ಕಂಡರೆ ನನಗೆ ಈಗೀಗ ಸಿಟ್ಟು ಬರುತ್ತದೆ. ಯಾರದಾದರೂ ಗೃಹಪ್ರವೇಶಕ್ಕೆ ಹೋದರೆ ಬಂದವರೆಲ್ಲ ಕತ್ತೆತ್ತಿ ಸೀಲಿಂಗ್ ನೋಡುತ್ತಾರೆ, ತೂಗುದೀಪ ನೋಡುತ್ತಾರೆ, ದೇವರಮನೆ ಬಾಗಿಲಿನ ಕೆತ್ತನೆ ಮುಟ್ಟಿ ನೋಡುತ್ತಾರೆ. ನನ್ನ ಕಣ್ಣು ನೆಲದ ಮೇಲಿರುತ್ತದೆ. ವಿಟ್ರಿಫೈಡ್ ಟೈಲ್ಸೋ, ಪಾಲಿಶ್ ಹೊಡೆದ ಗ್ರಾನೈಟೋ, ಅಂತೂ ಮುಖ ಕಾಣುವಷ್ಟು ನುಣುಪು. ಚೆನ್ನಾಗಿದೆ ಎಂದು ಬಾಯಲ್ಲಿ ಹೇಳುತ್ತೇನೆ. ಈ ಮನೆಯಲ್ಲಿ ಒಂದು ಮುದಿ ನಾಯಿ ಇದ್ದಿದ್ದರೆ ಅದು ಅಡುಗೆಮನೆಯಿಂದ ಜಗಲಿಗೆ ಹೇಗೆ ಬರುತ್ತಿತ್ತು ಎಂದು ಮನಸ್ಸು ಒಳಗೊಳಗೇ ಲೆಕ್ಕ ಹಾಕುತ್ತಿರುತ್ತದೆ.

ನಮ್ಮ ಚಿನ್ನಿಗೆ ಹನ್ನೊಂದು ತುಂಬಿತು. ಹಳದಿ ಬಣ್ಣದ ಲ್ಯಾಬ್ರಡಾರ್, ಈಗ ಮೂತಿಯೆಲ್ಲ ಬೆಳ್ಳಗಾಗಿದೆ. ಅವಳು ಬೆಳಿಗ್ಗೆ ಏಳುವುದನ್ನು ಹತ್ತಿರ ಕೂತು ನೋಡಬೇಕು. ಮೊದಲು ತಲೆ ಎತ್ತಿ, ಏಳುವ ಅಗತ್ಯ ನಿಜವಾಗಿಯೂ ಇದೆಯೇ ಎಂದು ಸುತ್ತ ನೋಡುತ್ತಾಳೆ. ಮುಂಗಾಲು ಎರಡನ್ನೂ ಅಗಲಿಸಿ ನೆಲಕ್ಕೆ ಊರುತ್ತಾಳೆ. ಭುಜಕ್ಕೆ ಭಾರ ಕೊಟ್ಟು ಎದೆಯನ್ನು ಎಬ್ಬಿಸುತ್ತಾಳೆ. ಸೊಂಟ ಇನ್ನೂ ನೆಲದಲ್ಲೇ. ಅಲ್ಲೊಂದು ಸಲ ನಿಂತು ಉಸಿರು ತೆಗೆದುಕೊಳ್ಳುತ್ತಾಳೆ. ಆಮೇಲೆ ಹಿಂಗಾಲನ್ನು ಹೊಟ್ಟೆಯ ಕೆಳಗೆ ಎಳೆದುಕೊಂಡು ಒತ್ತುತ್ತಾಳೆ. ಆಗಲೇ ಉಗುರು ಟೈಲ್ಸಿನ ಮೇಲೆ ಚರ್ರನೆ ಜಾರಿ ಒಂದು ಕಾಲು ಆ ಕಡೆ, ಇನ್ನೊಂದು ಈ ಕಡೆ. ಮತ್ತೆ ಕೂತು, ಮತ್ತೆ ಮೊದಲಿನಿಂದ. ಇಷ್ಟೆಲ್ಲ ಆಗುವಾಗಲೂ ನಮ್ಮ ಮುಖ ಕಂಡರೆ ಬಾಲ ಅಲ್ಲಾಡುತ್ತಲೇ ಇರುತ್ತದೆ.

ಒಂದು ದಿನವೂ ಕುಂಯ್ ಎಂದವಳಲ್ಲ. ಬದಲಾದದ್ದು ಸಣ್ಣ ಸಣ್ಣ ಸಂಗತಿಗಳು. ತೆಂಗಿನ ಮರದಿಂದ ಅಳಿಲು ಇಳಿದರೆ ಬೇಲಿಯವರೆಗೂ ಓಡುತ್ತಿದ್ದವಳು ಕಿವಿ ನಿಮಿರಿಸಿ ಅಷ್ಟಕ್ಕೇ ಬಿಡತೊಡಗಿದಳು. ಮಹಡಿಗೆ ನನ್ನ ಹಿಂದೆಯೇ ಬರುತ್ತಿದ್ದವಳು ಕೆಳಗಿನ ಮೆಟ್ಟಿಲ ಹತ್ತಿರ ನಿಂತು, ನಾನು ಇಳಿದು ಬರುವವರೆಗೆ ಕಾಯತೊಡಗಿದಳು. ಕೂರುವಾಗ ಸೊಂಟ ಒಂದು ಬದಿಗೆ ವಾಲುತ್ತಿತ್ತು. ಮುಂಗಾಲಿನ ಗೆಣ್ಣನ್ನು ಗಂಟೆಗಟ್ಟಲೆ ನೆಕ್ಕಿ ನೆಕ್ಕಿ ಅಲ್ಲಿನ ಕೂದಲು ಕಂದು ಬಣ್ಣಕ್ಕೆ ತಿರುಗಿತ್ತು. "ವಯಸ್ಸಾಯ್ತಲ್ಲ, ಪಾಪ" ಎಂದರು ಮನೆಗೆ ಬಂದವರು. ಡಾಕ್ಟರ್ ಮಾತ್ರ ಆ ಮಾತನ್ನು ಒಪ್ಪಲಿಲ್ಲ. "ವಯಸ್ಸು ಕಾಯಿಲೆ ಅಲ್ಲ ಮೇಡಂ. ಇವಳಿಗೆ ನೋವಿದೆ. ಕೂಗ್ತಾಳೆ ಅಂತ ಕಾಯಬೇಡಿ. ನಾಯಿ ಕೂಗೋದು ಥಟ್ಟನೆ ಆದ ನೋವಿಗೆ. ದಿನಾ ಇರೋ ನೋವಿಗೆ ಅದು ಸುಮ್ಮನಾಗುತ್ತೆ" ಎಂದರು.

ಅವರು ಚಿನ್ನಿಯನ್ನು ಮೇಜಿನ ಮೇಲೆ ಹತ್ತಿಸಲೇ ಇಲ್ಲ. ಆಸ್ಪತ್ರೆಯ ಉದ್ದನೆಯ ಜಗಲಿಯಲ್ಲಿ ಅತ್ತ ಇತ್ತ ನಡೆಸಿ, ತಾವು ಕುಕ್ಕರಗಾಲಲ್ಲಿ ಕೂತು ನೋಡಿದರು. ಒಂದೊಂದೇ ಕೀಲನ್ನು ಮಡಿಸಿ ಬಿಡಿಸಿ, ಆ ಹೊತ್ತಿನಲ್ಲಿ ಕಾಲನ್ನಲ್ಲ, ಅವಳ ಮುಖವನ್ನು ಗಮನಿಸಿದರು. ತುಟಿಯ ತುದಿ ಎಲ್ಲಿ ಬಿಗಿಯಾಗುತ್ತದೆ, ನಾಲಿಗೆ ಎಲ್ಲಿ ಥಟ್ಟನೆ ಒಳಗೆ ಹೋಗುತ್ತದೆ ಎಂದು. ಎಕ್ಸ್‌ರೇ ಆಮೇಲೆ ಬಂತು. ಸೊಂಟದ ಕೀಲಿನ ಬಟ್ಟಲು ಮರಿಯಾಗಿ ಬೆಳೆಯುವಾಗಲೇ ಆಳವಾಗದೆ ಉಳಿದದ್ದು, ಲ್ಯಾಬ್ರಡಾರ್‌ನಂಥ ತಳಿಗಳಲ್ಲಿ ಇದು ಹೆಚ್ಚು. ಸಡಿಲ ಕೀಲು ವರ್ಷಗಟ್ಟಲೆ ಉಜ್ಜಿ ಮೂಳೆಯ ತುದಿಯ ಕಾರ್ಟಿಲೇಜ್ ಸವೆದಿದೆ ಎಂದು ವಿವರಿಸಿದರು. ಕಾರ್ಟಿಲೇಜಿಗೆ ನರವಿಲ್ಲ. ಅದು ಸವೆಯುವಾಗ ಪ್ರಾಣಿಗೆ ಏನೂ ಗೊತ್ತಾಗುವುದಿಲ್ಲ. ಕೆಳಗಿನ ಮೂಳೆಗೂ ಕೀಲನ್ನು ಸುತ್ತಿದ ಪೊರೆಗೂ ಉರಿಯೂತ ಬಂದ ಮೇಲೆ ನೋವು ಶುರು. ಹಾಗಾಗಿ ನೋವು ಕಾಣಿಸುವ ಹೊತ್ತಿಗೆ ಸವೆತ ಬಹಳ ದೂರ ಹೋಗಿರುತ್ತದೆ. ಸವೆದದ್ದು ಮತ್ತೆ ಬೆಳೆಯುವುದಿಲ್ಲ. "ಆದ್ರೆ ಇವಳು ಆರಾಮಾಗಿ ಇರೋ ಹಾಗೆ ಮಾಡಬಹುದು. ಅದು ಸಣ್ಣ ಕೆಲಸ ಅಲ್ಲ" ಎಂದರು.

ನೋವನ್ನು ನುಂಗಿಕೊಳ್ಳುವ ನಾಯಿಯ ಬಗ್ಗೆ ಯೋಚಿಸಿದಾಗಲೆಲ್ಲ ನನಗೆ ಕಾಳಿ ನೆನಪಾಗುತ್ತಾಳೆ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿ ಆತಕೂರಿನ ಕಲ್ಲು ಇದೆ. ಮದ್ದೂರು ತಾಲ್ಲೂಕಿನ ಆ ಊರಿನಿಂದ ತಂದದ್ದು. ತಕ್ಕೋಲದ ಯುದ್ಧ ನಡೆದದ್ದು 949ರಲ್ಲಿ. ಅಲ್ಲಿ ಪರಾಕ್ರಮ ತೋರಿದ, ಗಂಗ ಬೂತುಗನ ಸೇವಕ ಮಣಲೇರನಿಗೆ, ಬೇಕಾದ್ದು ಕೇಳು ಎಂದನಂತೆ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣ. ಮಣಲೇರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಆ ಕಾಳಿ ಬೆಳತೂರಿನ ಬೆಟ್ಟದ ಹತ್ತಿರ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಹಂದಿಯೂ ಸತ್ತು, ತಾನೂ ಸತ್ತಿತು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಹಣಾಹಣಿ ನಿಂತಿವೆ. ಪೂಜೆಗೆ ಭೂಮಿಯನ್ನೂ ಬಿಟ್ಟಿದ್ದರು. ಆ ಕಲ್ಲಿನ ಮುಂದೆ ನಾನು ತುಂಬ ಹೊತ್ತು ನಿಂತಿದ್ದೆ. ನಾಯಿಯನ್ನು ಇಷ್ಟು ಪ್ರೀತಿಸಿದ ನಾಡು ಇದು ಎಂದು ಹೆಮ್ಮೆಯೂ ಆಯಿತು. ಕಾಳಿ ಆ ದಿನ ಬದುಕಿ ಉಳಿದಿದ್ದರೆ, ಇನ್ನೊಂದು ಹತ್ತು ಮಳೆಗಾಲ ಕಂಡು ಸೊಂಟ ಹಿಡಿದುಕೊಂಡಿದ್ದರೆ ಮಣಲೇರ ಅವಳಿಗೆ ಏನು ಮಾಡುತ್ತಿದ್ದ? ಏನಾದರೂ ಮಾಡಿರುತ್ತಿದ್ದ ಎಂದೇ ನನ್ನ ನಂಬಿಕೆ. ಚಕ್ರವರ್ತಿಯ ಹತ್ತಿರ ನಾಯಿಯನ್ನೇ ಕೇಳಿದವನು ಅದರ ಹಾಸಿಗೆಗೆ ಎರಡು ಕಂತೆ ಹುಲ್ಲು ಹೆಚ್ಚು ಹಾಕಿಸದೆ ಇರುತ್ತಿದ್ದನೇ? ಅದನ್ನೆಲ್ಲ ಕಲ್ಲಿನಲ್ಲಿ ಕೊರೆಸುವ ರೂಢಿ ಇರಲಿಲ್ಲ, ಅಷ್ಟೆ.

ಡಾಕ್ಟರ್ ಮೊದಲು ಹೇಳಿದ್ದು ಔಷಧಿಯಲ್ಲ, ತೂಕ. ಚಿನ್ನಿ 34 ಕಿಲೋ ತೂಗಿದಳು. 28 ಇದ್ದರೆ ಸಾಕು. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇ 25ರಷ್ಟು ಕಡಿಮೆ ಊಟ ಹಾಕಿ, ಅವುಗಳ ಜೀವಮಾನವಿಡೀ ಗಮನಿಸಿದ್ದರಂತೆ. 2002ರಲ್ಲಿ ಅದರ ವರದಿ ಬಂತು. ಕಡಿಮೆ ಉಂಡ ನಾಯಿಗಳು ಸುಮಾರು ಎರಡು ವರ್ಷ ಹೆಚ್ಚು ಬದುಕಿದವು, ಕೀಲುನೋವು ಅವಕ್ಕೆ ಬಹಳ ತಡವಾಗಿ ಬಂತು. ಇದನ್ನು ಕೇಳಿದ ಅಮ್ಮನ ಮುಖ ಸಣ್ಣದಾಯಿತು. ಊಟದ ಕೊನೆಯಲ್ಲಿ ಒಂದು ತುತ್ತು ಮೊಸರನ್ನ ಕೈಯಲ್ಲೇ ಉಳಿಸಿಕೊಂಡು, ಎಲೆಯ ಪಕ್ಕದಲ್ಲಿ ಕಾಯುವ ಜೀವಕ್ಕೆ ಕೊಡದೆ ಅವಳು ಕೈ ತೊಳೆದದ್ದೇ ಇಲ್ಲ. ಹಾಲಿನವನ ಬಿಸ್ಕತ್ತು, ಪಕ್ಕದ ಮನೆಯ ಚಪಾತಿ, ಸಂಜೆ ನನ್ನ ಕೋಡುಬಳೆಯ ತುಂಡು, ಎಲ್ಲ ಸೇರಿ ಆರು ಕಿಲೋ ಆಗಿತ್ತು. ಪ್ರೀತಿಗೆ ತೂಕ ಇರುತ್ತದೆ, ಅದನ್ನು ಹೊರುವುದು ಚಿನ್ನಿಯ ಸೊಂಟ.

ಅಮ್ಮ ಬೇರೆ ದಾರಿ ಕಂಡುಕೊಂಡಳು. ತುತ್ತು ನಿಲ್ಲಿಸಲಿಲ್ಲ, ತುತ್ತಿನಲ್ಲಿದ್ದದ್ದನ್ನು ಬದಲಾಯಿಸಿದಳು. ಈಗ ಊಟಕ್ಕೆ ಕೂರುವಾಗ ಅವಳ ತಟ್ಟೆಯ ಪಕ್ಕ ಒಂದು ಬಟ್ಟಲಿನಲ್ಲಿ ಸೌತೆಕಾಯಿ ಹೋಳು, ಬೇಯಿಸಿದ ಬೀನ್ಸು ಇರುತ್ತದೆ. ಉಪ್ಪಿಲ್ಲ, ಒಗ್ಗರಣೆಯಿಲ್ಲ, ಈರುಳ್ಳಿಯಂತೂ ನಾಯಿಗೆ ವಿಷವೇ. ಚಿನ್ನಿ ಸೌತೆಕಾಯನ್ನು ಕರಕರ ಅಗಿಯುವ ಶಬ್ದ ಕೇಳಿದರೆ ನಮಗೂ ಬಾಯಲ್ಲಿ ನೀರು ಬರುತ್ತದೆ. ತಿಂಗಳುಗಳು ಹಿಡಿದವು, ತೂಕ ಇಳಿಯುತ್ತಿದೆ. ಪಕ್ಕೆಲುಬು ಬೆರಳಿಗೆ ಸಿಗತೊಡಗಿದ ದಿನ ಅಮ್ಮ ಪಾಯಸ ಮಾಡಿದಳು, ನಮಗೆ.

ಔಷಧಿಯ ವಿಚಾರದಲ್ಲಿ ನನಗೊಂದು ಮಾತು ಗಟ್ಟಿಯಾಗಿ ಹೇಳಬೇಕೆನಿಸುತ್ತದೆ. ನಮ್ಮೆಲ್ಲರ ಮನೆಯ ಔಷಧಿ ಡಬ್ಬಿಯಲ್ಲಿ ಮಂಡಿನೋವಿನ ಮಾತ್ರೆ ಇರುತ್ತದೆ. ನಾಯಿ ಕುಂಟುವುದನ್ನು ನೋಡಲಾರದೆ ಅರ್ಧ ಮಾತ್ರೆ ಕೊಟ್ಟುಬಿಡೋಣ ಎಂದು ಯಾರಿಗಾದರೂ ಅನ್ನಿಸುತ್ತದೆ, ಅದು ಕರುಣೆಯಿಂದಲೇ. ಆದರೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣೆಬ್ಬಿಸುತ್ತವೆ, ಮೂತ್ರಪಿಂಡವನ್ನು ಕೆಡಿಸುತ್ತವೆ. ನಾವು ಹಚ್ಚಿಕೊಳ್ಳುವ ನೋವಿನ ಮುಲಾಮೂ ಬೇಡ, ಹಚ್ಚಿದ್ದನ್ನು ನಾಯಿ ನೆಕ್ಕಿ ಹೊಟ್ಟೆಗೆ ಸೇರಿಸಿಕೊಳ್ಳುತ್ತದೆ. ಚಿನ್ನಿಗೆ ಡಾಕ್ಟರ್ ರಕ್ತಪರೀಕ್ಷೆ ಮಾಡಿಸಿದ ಮೇಲೆ ಬರೆದುಕೊಟ್ಟದ್ದು ಮೆಲಾಕ್ಸಿಕಾಮ್. ತೂಕಕ್ಕೆ ತಕ್ಕಷ್ಟು, ಸೂಜಿಯಿಲ್ಲದ ಸಿರಿಂಜಿನಲ್ಲಿ ಗೆರೆ ನೋಡಿ ಎಳೆದು, ಊಟದ ಜೊತೆಗೇ. ವಾಂತಿಯಾದರೆ, ಊಟ ಬಿಟ್ಟರೆ, ಮಲ ಕಪ್ಪಾದರೆ ಅಂದೇ ನಿಲ್ಲಿಸಿ ಫೋನ್ ಮಾಡಬೇಕು.

ಮೆಲಾಕ್ಸಿಕಾಮ್ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ನಾಯಿಯ ವಿಷಯದಲ್ಲಲ್ಲ, ರಣಹದ್ದಿನ ವಿಷಯದಲ್ಲಿ. ನಾನು ಚಿಕ್ಕವಳಿದ್ದಾಗ ತೀರ್ಥಹಳ್ಳಿ ಕಡೆಯ ಅಜ್ಜನ ಮನೆಯಲ್ಲಿ ದನ ಸತ್ತರೆ ಊರಾಚೆಯ ಗುಡ್ಡಕ್ಕೆ ಒಯ್ಯುತ್ತಿದ್ದರು. ಎಲ್ಲಿದ್ದವೋ ಏನೋ, ಮಧ್ಯಾಹ್ನದ ಹೊತ್ತಿಗೆ ಆಕಾಶದಲ್ಲಿ ಸುತ್ತು ಹಾಕುತ್ತ ಹದ್ದುಗಳು ಇಳಿಯುತ್ತಿದ್ದವು. ಆಮೇಲೊಂದು ಕಾಲಕ್ಕೆ ಇಳಿಯುವುದು ನಿಂತಿತು. ಎಲ್ಲಿ ಹೋದವು ಎಂದು ಯಾರಿಗೂ ತಿಳಿಯಲಿಲ್ಲ. ಕಾರಣ ಗೊತ್ತಾದದ್ದು 2004ರಲ್ಲಿ: ದನಗಳ ನೋವಿಗೆ ಚುಚ್ಚುತ್ತಿದ್ದ ಡೈಕ್ಲೊಫೆನಾಕ್. ಅದನ್ನು ಪಡೆದ ಕೆಲವೇ ದಿನಗಳಲ್ಲಿ ಸತ್ತ ದನವನ್ನು ತಿಂದ ಹದ್ದಿನ ಮೂತ್ರಪಿಂಡ ನಿಂತು, ಯೂರಿಕ್ ಆಮ್ಲ ಒಳಗಿನ ಅಂಗಗಳ ಮೇಲೆಲ್ಲ ಬಿಳಿಯಾಗಿ ಕೂರುತ್ತಿತ್ತು. ಬಿಳಿಬೆನ್ನಿನ ರಣಹದ್ದು ಭಾರತದಲ್ಲಿ ಶೇ 99ಕ್ಕಿಂತ ಹೆಚ್ಚು ಅಳಿದುಹೋಯಿತು. 2006ರಲ್ಲಿ ದನಗಳಿಗೆ ಆ ಔಷಧಿಯನ್ನು ನಿಷೇಧಿಸಿದರು. ಅದರ ಬದಲಿಗೆ ಯಾವುದು ಎಂದು ಹುಡುಕಿದಾಗ, ದನದ ನೋವನ್ನೂ ಕಳೆದು ಹದ್ದನ್ನೂ ಉಳಿಸುವ ಔಷಧಿಯಾಗಿ ಸಿಕ್ಕಿದ್ದು ಮೆಲಾಕ್ಸಿಕಾಮ್. ರಾಮನಗರದ ರಾಮದೇವರಬೆಟ್ಟ 2012ರಲ್ಲಿ ರಣಹದ್ದುಗಳ ಧಾಮವಾಯಿತು, ಅಲ್ಲಿನ ಬಂಡೆಗಳಲ್ಲಿ ಉದ್ದಕೊಕ್ಕಿನ ಹದ್ದುಗಳು ಬೆರಳೆಣಿಕೆಯಷ್ಟು ಉಳಿದುಕೊಂಡವು. ಚಿನ್ನಿಯ ಬಾಟಲಿ ಕೈಗೆತ್ತಿಕೊಂಡಾಗ ಕೆಲವೊಮ್ಮೆ ಅಜ್ಜನ ಗುಡ್ಡದ ಮೇಲಿನ ಆ ಆಕಾಶ ಕಣ್ಣಮುಂದೆ ಬರುತ್ತದೆ. ಒಂದು ಪ್ರಾಣಿಯ ನೋವನ್ನು ಇಳಿಸಲು ಹೋಗಿ ಇನ್ನೊಂದರ ವಂಶವೇ ಹೋಗುವುದರಲ್ಲಿತ್ತು. ಕೇಳಿ ತಿಳಿದು ಕೊಡುವ ಔಷಧಿಯ ಬೆಲೆ ನನಗೆ ಅರ್ಥವಾದದ್ದು ಹಾಗೆ.

ಇನ್ನು ನೆಲ. ಜಮಖಾನ ಹಾಸಿದೆವು, ಅದೇ ಜಾರುತ್ತಿತ್ತು. ಗೋಣಿತಾಟು ಒದ್ದೆಯಾದರೆ ಮಳೆಗಾಲದಲ್ಲಿ ಒಣಗುವುದಿಲ್ಲ. ಕೊನೆಗೆ ಉಪಾಯ ಹೊಳೆದದ್ದು ಹಾಲಿನ ಡೈರಿಯ ಪಕ್ಕದ ಅಂಗಡಿಯ ಮುಂದೆ ಹಾದುಹೋಗುವಾಗ. ಕೊಟ್ಟಿಗೆಗೆ ಹಾಸುವ ರಬ್ಬರ್ ಮ್ಯಾಟ್ ಸುರುಳಿ ಸುತ್ತಿ ನಿಲ್ಲಿಸಿದ್ದರು. ಮೇಲ್ಮೈ ತರಿತರಿ, ದನದ ಗೊರಸೇ ಜಾರುವುದಿಲ್ಲ. "ಎಷ್ಟು ದನ ಇದಾವೆ?" ಎಂದು ಕೇಳಿದರು ಅಂಗಡಿಯವರು. ದನಕ್ಕಲ್ಲ, ಮುದಿ ನಾಯಿಗೆ ಎಂದೆ. ಅವರು ಒಂದು ಕ್ಷಣ ಸುಮ್ಮನಿದ್ದು, "ನಮ್ಮನೇಲೂ ಒಂದಿತ್ತು, ಹಿಂಗಾಲು ಬಿದ್ದೋಗಿತ್ತು" ಎಂದರು. ಎಲ್ಲಿಂದ ಎಲ್ಲಿಗೆ ನಡೆಯುತ್ತಾಳೆ ಎಂದು ಕೇಳಿಕೊಂಡು, ದೊಡ್ಡ ಚಾಕು ತಂದು, ಎರಡಡಿ ಅಗಲದ ಪಟ್ಟಿಗಳಾಗಿ ತಾವೇ ಕತ್ತರಿಸಿಕೊಟ್ಟರು. ಕತ್ತರಿಸಿದ್ದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಈಗ ನಮ್ಮ ಮನೆಯ ನಡುವೆ ಒಂದು ಕಪ್ಪು ದಾರಿ ಇದೆ. ಚಿನ್ನಿಯ ಹಾಸಿಗೆಯಿಂದ ಹೊರಟು ನೀರಿನ ಪಾತ್ರೆಯ ಹತ್ತಿರ ತಿರುಗಿ, ಅಡುಗೆಮನೆ ಬಾಗಿಲು ಮುಟ್ಟಿ, ಹಿತ್ತಲಿಗೆ ಹೋಗುತ್ತದೆ. ಊಟದ ಪಾತ್ರೆಯನ್ನು ಒಂದು ಮಣೆಯ ಮೇಲಿಟ್ಟು ಎತ್ತರಿಸಿದ್ದೇವೆ, ಕುತ್ತಿಗೆ ಬಗ್ಗಿಸಿ ಮುಂಗಾಲಿಗೆ ಭಾರ ಬೀಳಬಾರದೆಂದು. ಉಗುರು ಉದ್ದ ಬೆಳೆಯಲು ಬಿಡುವುದಿಲ್ಲ. ಪಾದದ ಮೆತ್ತೆಗಳ ನಡುವಿನ ಕೂದಲನ್ನೂ ಕತ್ತರಿಸುತ್ತೇವೆ, ಅದು ಬೆಳೆದರೆ ಹೆಜ್ಜೆಗೆ ಹಿಡಿತ ಸಿಗುವುದಿಲ್ಲ. ನಂಟರೊಬ್ಬರು ಬಂದು, ಇಷ್ಟು ಚೆಂದದ ಮನೆಯನ್ನು ಕೊಟ್ಟಿಗೆ ಮಾಡಿಬಿಟ್ಟಿರಲ್ಲ ಎಂದು ನೊಂದುಕೊಂಡರು. ಚಿನ್ನಿ ಆಗಲೇ ಹಾಸಿಗೆಯಿಂದೆದ್ದು, ಎಲ್ಲೂ ಜಾರದೆ, ಆ ದಾರಿಯುದ್ದಕ್ಕೂ ನಡೆದು ಬಂದು ಅವರ ಕಾಲು ಮೂಸಿದಳು. ನನಗೆ ಬೇರೆ ಉತ್ತರ ಹುಡುಕಬೇಕಾಗಲಿಲ್ಲ. ಇನ್ನೊಂದನ್ನೂ ಗಮನಿಸುತ್ತಿದ್ದೆ. ಅಮ್ಮನೂ ಆ ಪಟ್ಟಿಯ ಮೇಲೇ ನಡೆಯುತ್ತಿದ್ದಳು. ಕೇಳಿದರೆ, "ಅದರ ಜೊತೆಗೆ ಹೋಗ್ತೀನಿ, ಧೈರ್ಯ ಬರ್ಲಿ ಅಂತ" ಎನ್ನುತ್ತಿದ್ದಳು.

ಮುಂಬಾಗಿಲ ಮೂರು ಮೆಟ್ಟಿಲಿಗೆ ಮಾವ ಪರಿಹಾರ ತಂದರು. ಅಮ್ಮನ ತಮ್ಮ, ಅಡಿಕೆ ತೋಟದವರು. ಫೋನಿನಲ್ಲಿ ವಿಷಯ ಕೇಳಿದವರು ಮುಂದಿನ ವಾರ ಪಿಕಪ್ಪಿನಲ್ಲಿ ಅಡಿಕೆ ದಬ್ಬೆ ಹೇರಿಕೊಂಡು ಬಂದರು. ದಬ್ಬೆಗಳನ್ನು ಒತ್ತಾಗಿ ಜೋಡಿಸಿ, ಅಡ್ಡಪಟ್ಟಿ ಹೊಡೆದು, ಮೇಲೆ ಗೋಣಿ ಬಿಗಿದು ಮೊಳೆ ಹೊಡೆದರು. ಇಳಿಜಾರು ಕಡಿದಾದರೆ ಮೆಟ್ಟಿಲಿಗಿಂತ ಕಷ್ಟ ಎಂದು ಉದ್ದ ಬಿಟ್ಟರು, ಅದು ಅಂಗಳದ ತುಳಸಿಕಟ್ಟೆಯವರೆಗೂ ಹೋಯಿತು. ಮಳೆಗಾಲದಲ್ಲಿ ಹಳ್ಳ ದಾಟಲು ಹಾಕುವ ಸಂಕವನ್ನು ಕಟ್ಟಿದ ಕೈ ಅದು. ಅಮ್ಮ ಅದಕ್ಕೆ ಚಿನ್ನಿ ಸಂಕ ಎಂದೇ ಹೆಸರಿಟ್ಟಳು. ಮೊದಲ ದಿನ ಚಿನ್ನಿ ಗೋಣಿಯನ್ನು ಮೂಸಿ ಹಿಂದೆ ಸರಿದಳು. ಅಮ್ಮ ಸೌತೆಕಾಯಿ ಹೋಳು ಹಿಡಿದು ತಾನೇ ಆ ಸಂಕದ ಮೇಲೆ ಇಳಿದು, ಕೆಳಗೆ ಮಣೆ ಹಾಕಿಕೊಂಡು ಕೂತು ಕರೆದಳು. ಒಂದೊಂದು ಹೆಜ್ಜೆಗೆ ಒಂದು ಹೋಳು. ಮಾವ ಸುತ್ತಿಗೆ ಹಿಡಿದುಕೊಂಡು ಉಸಿರು ಬಿಗಿಹಿಡಿದು ನಿಂತಿದ್ದರು. ಚಿನ್ನಿ ತುಳಸಿಕಟ್ಟೆ ಮುಟ್ಟಿದಾಗ ಅವರ ಕಣ್ಣು ಒದ್ದೆಯಾಗಿತ್ತು.

ಆ ದಿನ ಮಾವನೇ ಕರಿಯನನ್ನು ನೆನೆಸಿಕೊಂಡರು. ಅಜ್ಜನ ಮನೆಯ ಕಾವಲು ನಾಯಿ. ಮುದಿಯಾದ ಮೇಲೆ ಆಷಾಢದ ಮಳೆ ಹಿಡಿದರೆ ಜಗಲಿ ಬಿಟ್ಟು ಬಚ್ಚಲುಮನೆಗೆ ಬಂದುಬಿಡುತ್ತಿದ್ದ. ಅಲ್ಲಿ ಹಂಡೆಯ ಒಲೆ ಹಗಲೂ ರಾತ್ರಿ ಹೊಗೆಯಾಡುತ್ತಿತ್ತು. ಒಲೆಯ ಮಗ್ಗುಲಿಗೆ ಸೊಂಟ ತಾಗಿಸಿ ಮಲಗುತ್ತಿದ್ದ, ಬೂದಿ ಮೈಗೆಲ್ಲ ಮೆತ್ತಿಕೊಂಡು ಕರಿಯ ಬಿಳಿಯನಾಗುತ್ತಿದ್ದ. ಅಜ್ಜಿ ಸ್ನಾನಕ್ಕೆ ಬಂದವರಿಗೆಲ್ಲ ಅವನನ್ನು ದಾಟಿಕೊಂಡು ಹೋಗಿ, ಎಬ್ಬಿಸಬೇಡಿ ಎನ್ನುತ್ತಿದ್ದಳು. ರಾತ್ರಿ ಒಲೆಗೆ ಒಂದು ಕುಂಟೆ ಹೆಚ್ಚು ತಳ್ಳಿ ಮಲಗುತ್ತಿದ್ದಳು. ಆ ಹೆಚ್ಚಿನ ಕುಂಟೆ ಬೆಳಿಗ್ಗೆಯ ಬಿಸಿನೀರಿಗೆ ಎಂದು ನಾವು ಮಕ್ಕಳು ತಿಳಿದಿದ್ದೆವು.

ಅಂಥ ಒಲೆ ನಮ್ಮಲ್ಲಿಲ್ಲ. ನಮ್ಮ ಶಿವಮೊಗ್ಗದ ಮಳೆ ಅಲ್ಲಿಯಷ್ಟಲ್ಲದಿದ್ದರೂ ಥಂಡಿ ಹಿಡಿದ ದಿನ ಚಿನ್ನಿಯ ಕೀಲು ಬಿಗಿಯುತ್ತದೆ. ಅಮ್ಮ ಕಲ್ಲುಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟುತ್ತಾಳೆ. ತನ್ನ ಮಣಿಕಟ್ಟಿನ ಒಳಬದಿಗೆ ಮುಟ್ಟಿಸಿ, ಬಿಸಿ ಹದವಾಗಿದೆ ಎಂದು ಖಾತ್ರಿಯಾದ ಮೇಲೆ, ಒಂದು ಟವೆಲ್ ಮಡಿಸಿ ಹಾಕಿ ಅದರ ಮೇಲೆ ಇಡುತ್ತಾಳೆ. ಮೊದಲು ಸೊಂಟದ ಎರಡು ಬದಿ, ಆಮೇಲೆ ತೊಡೆ. ನಾಲ್ಕಾರು ನಿಮಿಷಕ್ಕೆ ಚಿನ್ನಿಯ ಕಣ್ಣು ಅರೆ ಮುಚ್ಚುತ್ತದೆ, ಕೆಳತುಟಿ ಸಡಿಲವಾಗಿ ಜೋಲುತ್ತದೆ. ಆಮೇಲೆ ನಡಿಗೆ. ಒಂದೇ ಸಲ ದೂರ ಹೋಗುವುದಿಲ್ಲ, ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ, ಸಾಧ್ಯವಾದಷ್ಟು ಹುಲ್ಲಿನ ಮೇಲೆ. ನೋವೆಂದು ಪೂರಾ ಮಲಗಿಸಿಬಿಟ್ಟರೆ ತೊಡೆಯ ಮಾಂಸಖಂಡ ಕರಗುತ್ತದೆ, ಕೀಲಿಗೆ ಆಸರೆ ತಪ್ಪುತ್ತದೆ. ಅವಳು ಎಲ್ಲಿ ನಿಲ್ಲುತ್ತಾಳೋ ಅಲ್ಲಿಂದ ನಾವು ಹಿಂದಿರುಗುತ್ತೇವೆ. ಮೊದಲೆಲ್ಲ ಹಗ್ಗ ಹಿಡಿದು ಅವಳನ್ನು ತಡೆಯುವುದೇ ಕೆಲಸವಾಗಿತ್ತು. ಈಗ ಬೀದಿಯ ಪ್ರತಿ ಕಂಬದ ಹತ್ತಿರ ನಿಂತು, ಅವಳು ಮೂಸಿ ಮುಗಿಸುವವರೆಗೆ, ಯಾರ ಮನೆಯ ಕನಕಾಂಬರ ಹೂಬಿಟ್ಟಿದೆ ಎಂದು ನೋಡುತ್ತೇನೆ.

ದಿನದಿನದ ಸ್ಥಿತಿ ಬರೆದಿಡಿ, ಔಷಧಿ ಹೆಚ್ಚು ಕಡಿಮೆ ಮಾಡಲು ಅನುಕೂಲವಾಗುತ್ತದೆ ಎಂದು ಡಾಕ್ಟರ್ ಹೇಳಿದ್ದರು. ಆ ಕೆಲಸ ಅಮ್ಮ ವಹಿಸಿಕೊಂಡಳು. ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರಿನಲ್ಲೇ ಚಿನ್ನಿಯ ಲೆಕ್ಕವೂ ಸೇರಿತು. ಸಲೀಸಾಗಿ ಎದ್ದ ದಿನ ಒಂದು ಗೆರೆ, ಕಷ್ಟಪಟ್ಟ ದಿನ ಒಂದು ಸೊನ್ನೆ, ಸಂಕ ಹತ್ತಲು ಒಪ್ಪದ ದಿನ ಸೊನ್ನೆಯೊಳಗೊಂದು ಚುಕ್ಕಿ. ಹೋದ ವಾರ ಆಸ್ಪತ್ರೆಗೆ ಹೋಗುವಾಗ ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು ಸುತ್ತಿ ಬಗಲಲ್ಲಿಟ್ಟುಕೊಂಡು ಬಂದಳು. ಡಾಕ್ಟರ್ ಒಂದೊಂದೇ ಹಾಳೆ ತಿರುಗಿಸಿ ಶ್ರದ್ಧೆಯಿಂದ ನೋಡಿದರು. ಸೊನ್ನೆಗಳು ಕಡಿಮೆಯಾಗುತ್ತ ಬಂದಿದ್ದವು. ಔಷಧಿಯ ಪ್ರಮಾಣವನ್ನು ಸ್ವಲ್ಪ ಇಳಿಸಿ ನೋಡೋಣ ಎಂದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು, "ಈ ಕೆಂಪು ಗುರುತು ಯಾವುದಮ್ಮ? ಇದು ಕಡಿಮೆ ಆಗೇ ಇಲ್ಲ" ಎಂದು ಕೇಳಿದರು.

ಅಮ್ಮ ಚಿನ್ನಿಯ ಕಿವಿ ಸವರುತ್ತ ಕೂತಿದ್ದವಳು ತಲೆ ಎತ್ತಲಿಲ್ಲ. "ಅದು ನಂದು. ಮಂಡಿ. ರಾತ್ರಿ ನಿದ್ದೆ ಬರದಿದ್ದ ದಿನ ಹಾಕ್ಕೊಂಡಿದ್ದು" ಎಂದಳು.

ಡಾಕ್ಟರ್ ಕ್ಯಾಲೆಂಡರನ್ನು ಮೆಲ್ಲಗೆ ಸುತ್ತಿ ನನ್ನ ಕೈಗೆ ಕೊಟ್ಟರು, ಅಮ್ಮನ ಕೈಗಲ್ಲ. ಸೋಮವಾರ ಬೆಳಿಗ್ಗೆಗೆ ಮೂಳೆ ಡಾಕ್ಟರ ಹತ್ತಿರ ಹೆಸರು ಬರೆಸಿದ್ದೇನೆ. ಅಮ್ಮ ಬೇಡವೆನ್ನಲಿಲ್ಲ. ಅಷ್ಟು ಹೊತ್ತು ಚಿನ್ನಿಯನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದೊಂದೇ ಅವಳ ಚಿಂತೆ. ಪಕ್ಕದ ಮನೆಯವರು ಬಂದು ಇರುತ್ತೇನೆ ಎಂದಿದ್ದಾರೆ. ಉಪ್ಪಿನ ಗಂಟು ಎಲ್ಲಿದೆ, ಎಷ್ಟು ಬಿಸಿ ಮಾಡಬೇಕು, ಸೌತೆಕಾಯಿಯ ಬಟ್ಟಲು ಯಾವುದು ಎಂದು ಅಮ್ಮ ಅವರಿಗೆ ಆಗಲೇ ತೋರಿಸಿಕೊಟ್ಟಿದ್ದಾಳೆ. ಚಪಾತಿ ಮಾತ್ರ ತರಬೇಡಿ ಎಂದು ಕೈಮುಗಿದೇ ಕೇಳಿಕೊಂಡಿದ್ದಾಳೆ.